ಮೆತ್ತಗಿನ ಮಾತಿಗೆ ಮೆಚ್ಚುಗೆ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಪಕ್ಕದ ಕಿತ್ತೂರು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದೆ. ಹಾಗಾಗಿ ಆಗ ಅಲ್ಲಿ ಗೆದ್ದಿದ್ದ ಅನಂತಕುಮಾರ ಹೆಗಡೆಯವರ ಮಾತನ್ನು ಕಿತ್ತೂರಿನವರು ತಮ್ಮ ಸಂಸದರ ಮಾತೆಂದೇ ಕೇಳಬೇಕಾಯಿತು. 2017ರ ಡಿಸೆಂಬರಿನಲ್ಲಿ, ಕೇಂದ್ರ ಸಚಿವರಾಗಿದ್ದಾಗ, ಅವರು ಸಂವಿಧಾನ ಬದಲಿಸುವ ಮಾತಾಡಿದರು. ಗದ್ದಲವೆದ್ದಿತು. ಡಿಸೆಂಬರ್ 28ರಂದು ಲೋಕಸಭೆಯಲ್ಲಿ ತಮಗೆ ಸಂವಿಧಾನವೇ ಪರಮೋಚ್ಚ ಎಂದರು, ಕ್ಷಮೆ ಕೇಳಿದರು. 2024ರ ಮಾರ್ಚಿನಲ್ಲಿ ಸಂವಿಧಾನ ತಿದ್ದುವ ಮಾತು ಅವರಿಂದ ಮತ್ತೆ ಬಂತು.

ಮೆತ್ತಗಾದ ಮಾತು ಹೀಗೆ ಉಳಿಯದೆ ಹೋಗುವುದು ಬೇರೆಡೆಯೂ ಉಂಟು. 2017ರ ಫೆಬ್ರವರಿ 28ರಂದು ಡೊನಾಲ್ಡ್ ಟ್ರಂಪ್ ಅಮೆರಿಕದ ಸಂಸತ್ತಿನಲ್ಲಿ ತಗ್ಗಿದ ದನಿಯಲ್ಲಿ ಭಾಷಣ ಓದಿದರು. ಈಗ ಅವರು ನಿಜಕ್ಕೂ ಅಧ್ಯಕ್ಷರಾದರು ಎಂದು ಟೀವಿಯಲ್ಲಿ ಹೊಗಳಿಕೆ ಕೇಳಿಬಂತು. ನಾಲ್ಕೇ ದಿನ. ಮಾರ್ಚ್ 4ರಂದು, ಹಿಂದಿನ ಅಧ್ಯಕ್ಷ ಒಬಾಮ ತಮ್ಮ ಫೋನ್ ಕದ್ದಾಲಿಸಿದರೆಂದು ಆಧಾರ ಕೊಡದೆ ಆರೋಪಿಸಿದರು.

ಹೊಗಳಿದವರ ಆಸೆ ನನಗೆ ಅರ್ಥವಾಗುತ್ತದೆ. ಒರಟು ಮಾತು ಕೇಳಿ ದಣಿದ ಕಿವಿಗೆ ಮೆತ್ತಗಿನ ದನಿ ಹಿತ. ಆದರೆ ನಮ್ಮ ಎರೆಭೂಮಿಯ ರೈತ ಒಂದೇ ಮಳೆಗೆ ಸುಗ್ಗಿ ಬಂತು ಎನ್ನುವುದಿಲ್ಲ. ಹದವಾಗಿ ಮಾತಾಡುವುದು ಹುದ್ದೆಯ ಕನಿಷ್ಠ ಕರ್ತವ್ಯ. ಶಾಲೆಯ ಮಾಸ್ತರರು, ಅಂಗನವಾಡಿಯ ಅಕ್ಕ ಅದನ್ನು ದಿನವೂ ಪಾಲಿಸುತ್ತಾರೆ. ಅದಕ್ಕಾಗಿ ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಯಾವ ಪಕ್ಷದವರೇ ಇರಲಿ, ನಾಯಕರು ಮೆತ್ತಗೆ ಮಾತಾಡಿದಾಗ ಏನು ಹೇಳಿದರು ಎಂಬುದನ್ನು ಕೇಳಿಸಿಕೊಳ್ಳಿ. ಆರು ತಿಂಗಳ ನಂತರ ಏನು ಮಾಡಿದರು ಎಂಬುದನ್ನೂ ದಯವಿಟ್ಟು ವಿಚಾರಿಸಿ.