ಹಳೆಯ ಸೌಧದಲ್ಲಿ ಮದುವೆಯ ಚಪ್ಪರ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಯನಾಡಿನ ನಮ್ಮ ಮನೆಗಳಲ್ಲಿ ವಿವಾಹ ನಿಶ್ಚಯವಾದೊಡನೆ ಏಳುವ ಮೊದಲ ಪ್ರಶ್ನೆ ಸ್ಥಳದ್ದು. ಅಂಗಳದಲ್ಲಿ ಚಪ್ಪರ ಹಾಕಿ, ನೆರೆಹೊರೆಯವರೇ ಸೊಂಟಕ್ಕೆ ವಲ್ಲಿ ಬಿಗಿದು ಬಡಿಸುತ್ತಿದ್ದ ಕಾಲ ಹಿಂದಾಯಿತು. ಮೈಸೂರಿನಲ್ಲಿ ಅರಮನೆಯಂಥ ಹಳೆಯ ಸೌಧವೊಂದನ್ನು ಗೊತ್ತುಮಾಡಬಾರದೇಕೆ ಎಂದು ಈಗ ಮಕ್ಕಳು ಕೇಳುತ್ತಾರೆ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕಲು ನನಗೆ ಮನಸ್ಸೊಪ್ಪದು. ಬಾಗಿಲು ಮುಚ್ಚಿದ ಮನೆಗೆ ಗೆದ್ದಲು ಬೇಗ ಹತ್ತುತ್ತದೆ. ಜನ ಓಡಾಡುವ ಮನೆಯ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ಲಲಿತಮಹಲನ್ನೇ ನೋಡಿರಿ. ವೈಸರಾಯರ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕಟ್ಟಿಸತೊಡಗಿದ ಆ ಬಿಳಿಯ ಸೌಧವು 1974ರಲ್ಲಿ ಹೋಟೆಲಾಯಿತು. ಒಬ್ಬ ಅತಿಥಿಗಾಗಿ ಎದ್ದ ಗುಮ್ಮಟದ ಕೆಳಗೆ ಪ್ರಜೆಗಳ ಮನೆಯ ಆರತಕ್ಷತೆಗಳೂ ನಡೆದವು. ಇದು ಸಣ್ಣ ಮಾತಲ್ಲ.

ಆದರೆ ಮದುವೆಯ ದಿಬ್ಬಣದೊಡನೆ ಬೆಂಕಿಯೂ ಮನೆಯನ್ನು ಹೊಗುತ್ತದೆ: ಹೋಮದ್ದು, ಒಲೆಯದು, ದೀಪದ್ದು. ಮೈಸೂರಿನ ಮರದ ಅರಮನೆ ಸುಟ್ಟುಹೋದದ್ದು 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿಯೇ. ಆದ್ದರಿಂದ 1900ರಲ್ಲಿ ನಾಲ್ವಡಿಯವರ ವಿವಾಹಕ್ಕೆ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯೇ ಆಶ್ರಯ ನೀಡಬೇಕಾಯಿತು. ಹೆನ್ರಿ ಇರ್ವಿನ್ ರೂಪಿಸಿ, 1912ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣಮಂಟಪದಲ್ಲಿ ಮರದ ಕಂಬಗಳಿಲ್ಲ. ಎರಕದ ಕಬ್ಬಿಣದ ಕಂಬಗಳು, ಮೇಲೆ ಬಣ್ಣದ ಗಾಜಿನ ಚಾವಣಿ. ನಾವು ಅದರ ನವಿಲುಗಳನ್ನು ನೋಡಿ ತಲೆದೂಗುತ್ತೇವೆ, ಕಂಬವನ್ನು ಮುಟ್ಟಿ ನೋಡುವವರು ಕಡಮೆ. 2016ರಲ್ಲಿ ಯದುವೀರರ ವಿವಾಹವೂ ಈ ಅರಮನೆಯಲ್ಲಿಯೇ ಜರುಗಿತು.

ಇನ್ನು ನಮ್ಮ ನೆಲದ ಮಾತು. ಸುಲ್ತಾನ್ ಬತ್ತೇರಿಯ ಕಲ್ಲಿನ ಜೈನ ಬಸದಿಯು ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡಿನ ಕೋಠಿಯಾಗಿ, ಊರಿಗೇ ಆ ಹೆಸರನ್ನು ತಂದಿತು. ಈಗ ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕಗಳಲ್ಲಿ ಕೇಂದ್ರ ಸರಕಾರದ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರಕೂಟಗಳನ್ನು ನಡೆಸಕೂಡದೆಂದು 1959ರ ನಿಯಮಗಳು ವಿಧಿಸುತ್ತವೆ. ರೂಢಿಯಿಂದ ಬಂದ ಧಾರ್ಮಿಕ ಆಚರಣೆಗೆ ವಿನಾಯಿತಿಯುಂಟು. ಅನುಮತಿಸಿದ ಎಡೆಯಲ್ಲದೆ ಬೇರೆಡೆ ಅಡುಗೆಯೂ ಊಟವೂ ನಿಷಿದ್ಧ. ನಮ್ಮ ಹಿರಿಯರ ಕಲ್ಲಿನ ನೆರಳಿನಲ್ಲಿ ನಮಗೇ ಎಲೆ ಹಾಕಲು ತಡೆಯೇ ಎಂದು ಮುನಿಸು ಬರಬಹುದು. ನಾನಂತೂ ನಿಯಮದ ಪಕ್ಷ. ಕಲ್ಲಿಗೆ ಹತ್ತಿದ ಎಣ್ಣೆಹೊಗೆಯನ್ನು ನಮ್ಮ ವಯನಾಡಿನ ಮಳೆಯೂ ತೊಳೆಯಲಾರದು.

ಆದರೆ ರಕ್ಷಿತ ಪಟ್ಟಿಗೆ ಸೇರದ, ಜೀರ್ಣೋದ್ಧಾರಗೊಂಡ ತೊಟ್ಟಿಮನೆಗಳಲ್ಲಿ, ಹಳೆಯ ಬಂಗಲೆಗಳಲ್ಲಿ ಮದುವೆ ಮಾಡುವುದಾದರೆ ಅವಶ್ಯವಾಗಿ ಮಾಡಿರಿ. ಒಲೆ ಮಾತ್ರ ಹೊರಗಿನ ಚಪ್ಪರದಲ್ಲಿರಲಿ. ತೋರಣಕ್ಕೆ ಗೋಡೆಯಲ್ಲಿ ಮೊಳೆ ಬೇಡ, ಬಿದಿರಿನ ಚೌಕಟ್ಟು ನಿಲ್ಲಿಸಿರಿ. ಮಹಡಿಯ ತೊಲೆಗಳು ಎಷ್ಟು ಜನರನ್ನು ತಾಳುವುವೆಂದು ಬಲ್ಲ ಬಡಗಿಯಿಂದ ತಿಳಿದುಕೊಂಡ ಮೇಲೆ ಪಂಕ್ತಿ ಹಾಕಿಸಿರಿ. ಕೊಡುವ ಬಾಡಿಗೆಯಲ್ಲಿ ಮಾಡಿನ ಹೆಂಚಿಗೆ ಎಷ್ಟು ಪಾಲು ಎಂದು ಯಜಮಾನರನ್ನು ಕೇಳುವುದಕ್ಕೂ ಸಂಕೋಚ ಬೇಡ. ಮುಂಗಡ ಕೊಡುವ ದಿನವೇ ಕೇಳಿರಿ. ಮಳೆಗಾಲ ಬಂದ ಮೇಲೆ ಹೆಂಚು ಹೊದಿಸುವವರು ಸಿಕ್ಕುವುದಿಲ್ಲ.