ಅಂಜದೀವ್: ಸಮುದ್ರಕ್ಕೆ ಸುಂಕ ಕಟ್ಟಿಸಿದವರು
(ಸಂತೆಮರಹಳ್ಳಿಯಲ್ಲಿ ಮಾಡಿದ ಭಾಷಣ)

ಸಂತೆಮರಹಳ್ಳಿಯಲ್ಲಿ ನಿಂತು ಸಮುದ್ರದ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಹಿರಿಯರು ಹಜ್‌ಗೆ ಹೊರಟಿದ್ದು ಆ ಸಮುದ್ರದ ಮೇಲೆಯೇ ಅಲ್ಲವೇ?

ಕಾರವಾರದ ಕಡಲಿನಲ್ಲಿ ಅಂಜದೀವ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಸಿಹಿನೀರು ಸಿಗುತ್ತಿತ್ತು. ಪರಕೀಯರ ಕಣ್ಣು ಬಿದ್ದದ್ದು ಅದರ ಮೇಲೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ನೌಕಾದಳದೊಂದಿಗೆ ಬಂದು ಕೋಟೆಯನ್ನೇ ಕಟ್ಟಿಸಿದ. ಮರುವರ್ಷ ಬಿಜಾಪುರದ ಕಡೆಯವರು ಮುತ್ತಿಗೆ ಹಾಕಿದರೂ ಕೋಟೆ ದಕ್ಕಲಿಲ್ಲ. ಮುಂದೆ ಪೋರ್ಚುಗೀಸರೇ ಅದನ್ನು ಕೆಡವಿದರು. ಆದರೆ ಸಮುದ್ರದ ಮೇಲಿನ ಹಿಡಿತವನ್ನು ಸಡಿಲಿಸಲಿಲ್ಲ. ಕಾರ್ತಾಜ್ ಎಂಬ ರಹದಾರಿ ಪತ್ರವಿಲ್ಲದ ಹಡಗನ್ನು ಸೂರೆಗೈಯುವುದು ಅವರಿಗೆ ಹಕ್ಕಾಗಿತ್ತು. ಹಜ್ ಯಾತ್ರಿಕರ ಹಡಗುಗಳೂ ಆ ಪತ್ರಕ್ಕಾಗಿ ಕೈಯೊಡ್ಡಬೇಕಾಯಿತು. ಯಾರೂ ತೋಡದ ಸಮುದ್ರಕ್ಕೆ ಸುಂಕ!

ಇದನ್ನು ಎರಡು ಮತಗಳ ಜಗಳವೆನ್ನುವುದನ್ನು ನಾವು ಒಪ್ಪಲಾರೆವು. 1662ರಲ್ಲಿ ಮುಂಬಯಿಯನ್ನು ಪಡೆಯಲು ಬಂದ ಇಂಗ್ಲಿಷ್ ದಂಡಿಗೆ ಪೋರ್ಚುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಇಬ್ಬರೂ ಕ್ರೈಸ್ತರೇ. ಆ ದಂಡು ಅಂಜದೀವಿನಲ್ಲಿ ಬೀಡುಬಿಟ್ಟು ರೋಗಕ್ಕೆ ತುತ್ತಾಯಿತು. ಅದರ ನಾಯಕ ಅಬ್ರಹಾಂ ಶಿಪ್ಮನ್ 1664ರಲ್ಲಿ ಅಲ್ಲಿಯೇ ತೀರಿಕೊಂಡ.

1961ರ ಡಿಸೆಂಬರಿನಲ್ಲಿ ಭಾರತದ ನೌಕಾಪಡೆ ದ್ವೀಪವನ್ನು ಬಿಡಿಸಿತು. ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಇಂದು ಅಲೆ ತಡೆಯುವ ಗೋಡೆಯೊಂದು ಅದನ್ನು ಕಾರವಾರದ ದಡಕ್ಕೆ ಬೆಸೆದಿದೆ.