ಗೇಟಿನ ಕಾವಲುಗಾರನಿಗೆ ಎಷ್ಟು ನೆನಪು ಬೇಕು?
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನನ್ನ ಸಂಶೋಧನೆಯ ಬಗ್ಗೆ ನಾಲ್ಕು ಮಾತು ಆಡಲು ಹೇಳಿದ್ದಾರೆ. ಕಂಪ್ಯೂಟರ್ ಸಂಶೋಧನೆ ಎಂದರೆ ಕಂಪ್ಯೂಟರ್ ರಿಪೇರಿ ಎಂದುಕೊಂಡವರು ಊರಿನಲ್ಲಿದ್ದಾರೆ. ನನ್ನದು ಕಾಗದ, ಪೆನ್ನಿನ ಕೆಲಸ. ಒಂದು ನಿಯಮ ಪಾಲನೆಯಾಗಿದೆಯೇ ಎಂದು ನೋಡಲು ಯಂತ್ರಕ್ಕೆ ಎಷ್ಟು ನೆನಪು ಬೇಕು ಎಂಬುದೇ ಅದರ ಪ್ರಶ್ನೆ.

ನಮ್ಮ ಶಾಲೆಯ ಗೇಟಿನಲ್ಲಿ ಒಬ್ಬ ಕಾವಲುಗಾರ ಇದ್ದಾನೆ ಎನ್ನಿ. ಒಳಗೆ ಹೋದ ಮಕ್ಕಳ ಸಂಖ್ಯೆ ಸಮವೋ ಬೆಸವೋ ಎಂದಷ್ಟೇ ಅವನು ಹೇಳಬೇಕು. ಎಣಿಸಬೇಕಾಗಿಲ್ಲ. ಒಂದೊಂದು ಮಗು ಹೋದಾಗಲೂ ಒಂದು ಕಲ್ಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರೆ ಸಾಕು. ಸಾವಿರ ಮಕ್ಕಳು ಬಂದರೂ ಎರಡೇ ಸ್ಥಿತಿ. ಇಂಥ ಯಂತ್ರಕ್ಕೆ ಸೀಮಿತ ಸ್ಥಿತಿಗಳ ಆಟೋಮ್ಯಾಟನ್ ಎನ್ನುತ್ತಾರೆ. ಆದರೆ ಬೆಳಗ್ಗೆ ಒಳಗೆ ಹೋದಷ್ಟೇ ಮಕ್ಕಳು ಸಂಜೆ ಹೊರಗೆ ಬಂದರೇ ಎಂದು ಕೇಳಿದರೆ ಆ ಕಲ್ಲು ಸಾಲದು. ಎಷ್ಟು ಸ್ಥಿತಿ ಕೊಟ್ಟರೂ, ಅದಕ್ಕಿಂತ ಹೆಚ್ಚು ಮಕ್ಕಳು ಬಂದ ದಿನ ಲೆಕ್ಕ ತಪ್ಪುತ್ತದೆ.

ಮೊಬೈಲಿನಲ್ಲಿ ವ್ಯಂಜನವಿಲ್ಲದೆ ಬರೀ ಇಕಾರದ ಗುಡಿಸು ಒತ್ತಿ ನೋಡಿ. ಸಾಮಾನ್ಯವಾಗಿ ಅದರ ಜೊತೆ ಚುಕ್ಕಿಗಳ ಒಂದು ವೃತ್ತ ಕಾಣಿಸುತ್ತದೆ. ನಮ್ಮ ಕಾಗುಣಿತದ ನಿಯಮ ಕಾಯಲು ಕೆಲವೇ ಸ್ಥಿತಿಗಳ ಕಾವಲುಗಾರ ಸಾಕು.

1960ರಲ್ಲಿ ಬ್ಯೂಕಿ ಎಂಬ ಗಣಿತಜ್ಞರು, ತರ್ಕದ ಒಂದು ಬಗೆಯ ಭಾಷೆಯಲ್ಲಿ ಬರೆದ ಪ್ರತಿ ವಾಕ್ಯಕ್ಕೂ ಇಂಥ ಕಾವಲುಗಾರನನ್ನು ಕಟ್ಟಬಹುದೆಂದು ತೋರಿಸಿದರು. ಎದುರುಬದುರು ಬರುವ ಎರಡು ರೈಲುಗಳಿಗೆ ಒಟ್ಟಿಗೆ ಹಸಿರು ದೀಪ ಎಂದೂ ಬೀಳಬಾರದು ಎಂಬಂಥ ನಿಯಮವನ್ನು ಪರೀಕ್ಷಿಸಲು ಇದು ದಾರಿ. ಆದರೆ ಇದಕ್ಕೆ ಬೆಲೆಯಿದೆ. ಒಂದೇ ಸಲಕ್ಕೆ ಹಲವು ದಾರಿ ಹಿಡಿಯಬಲ್ಲ 10 ಸ್ಥಿತಿಗಳ ಯಂತ್ರ ‘ಹೌದು’ ಎಂದಲ್ಲೆಲ್ಲ ‘ಅಲ್ಲ’ ಎನ್ನುವ ಯಂತ್ರಕ್ಕೆ 1,024 ಸ್ಥಿತಿಗಳು ಬೇಕಾಗಬಹುದು. 20 ಸ್ಥಿತಿಗಳಾದರೆ ಅದು ಹತ್ತು ಲಕ್ಷ ದಾಟುತ್ತದೆ. ಒಂದು ‘ಅಲ್ಲ’ದ ಬೆಲೆ ಎಷ್ಟು ಎಂಬಂಥ ಲೆಕ್ಕವೇ ತಾರ್ಕಿಕ ಸಂಕೀರ್ಣತೆಯ ಅಧ್ಯಯನ.

ಇದು ಪರದೇಶದ ವಿದ್ಯೆ ಎಂದು ಹೆದರಬೇಡಿ. ನಮ್ಮ ಬಳ್ಳಿಗಾವಿಯ ಕೋಡಿಯಮಠದಲ್ಲಿ ಪಾಣಿನಿಯ ವ್ಯಾಕರಣವನ್ನೂ ನ್ಯಾಯಶಾಸ್ತ್ರವನ್ನೂ ಕಲಿಸುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ಪಾಣಿನಿ ಒಂದು ಭಾಷೆಯನ್ನು ಸುಮಾರು 4,000 ಸೂತ್ರಗಳಲ್ಲಿ ಕಟ್ಟಿದವರು. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಕ್ರಮಕ್ಕೆ ಅವರ ಹೆಸರನ್ನೂ ಸೇರಿಸಬೇಕೆಂದು ಇಂಗರ್‌ಮನ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲಿ ಸೂಚಿಸಿದ್ದರು.

ಕನ್ನಡ ಮಾಧ್ಯಮದವರಿಗೆ ಗಣಿತ, ವಿಜ್ಞಾನ ಬೇಡ ಎಂಬ ಮಾತನ್ನು ನಾನೂ ಕೇಳಿಸಿಕೊಂಡೇ ಬೆಳೆದೆ. ಇಂಗ್ಲಿಷನ್ನು ಆಮೇಲೆ ಕಲಿತೆ. ಆದರೆ ಉತ್ತರ ಸರಿಯಿದ್ದರೂ ‘ಯಾಕೆ ಸರಿ, ಹೇಳು’ ಎಂದು ಕೇಳುವ ರೂಢಿ ಈ ಶಾಲೆಯ ರೇಖಾಗಣಿತದ ತರಗತಿಯಲ್ಲಿ, ಕನ್ನಡದಲ್ಲೇ ಬಂತು. ಇವತ್ತಿಗೂ ನನ್ನ ಬಂಡವಾಳ ಅದೇ. ಪೋಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ಭಾಷೆಯ ಭಯಕ್ಕೆ ಮಕ್ಕಳಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ, ಗಣಿತ ಬಿಡಿಸಬೇಡಿ.

ಮಕ್ಕಳೇ, ನಿಮಗೊಂದು ಲೆಕ್ಕ ಕೊಟ್ಟು ಹೋಗುತ್ತೇನೆ. ಒಳಗೆ ಹೋದವರ ಸಂಖ್ಯೆ ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ಎಂದು ಹೇಳಲು ಕಾವಲುಗಾರನಿಗೆ ಎಷ್ಟು ಸ್ಥಿತಿ ಬೇಕು? ಉತ್ತರವನ್ನು ನಿಮ್ಮ ಮೇಷ್ಟರಿಗೆ ಹೇಳಿ, ಯಾಕೆ ಎಂಬುದನ್ನೂ ಹೇಳಿ.